ಆಗಮನ ಕಾಲಕ್ಕೊಂದು ಮೊಂಬತ್ತಿ ಸೆಟ್: ಬಳಸಿ ನೋಡಿದ ಮೇಲೆ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿಯಾದ ಆಗಮನ ಕಾಲಕ್ಕೆಂದು (ಅಡ್ವೆಂಟ್) ಮಾರಾಟವಾಗುವ ವಸ್ತುಗಳಲ್ಲಿ ಬಹುಪಾಲು ಕ್ರಿಸ್‌ಮಸ್ ಬರುವ ಮುಂಚೆಯೇ ಹಬ್ಬವನ್ನು ಮುಗಿಸಿಬಿಡುತ್ತವೆ. ದಿನಕ್ಕೊಂದು ಚಾಕಲೇಟ್ ಅಡಗಿಸಿಟ್ಟ ಕ್ಯಾಲೆಂಡರ್ ಮಕ್ಕಳಿಗೆ ದಿನ ಎಣಿಸುವುದನ್ನು ಕಲಿಸುತ್ತದೆ, ಆದರೆ ಯಾರ ಬರವಿಗಾಗಿ ಎಣಿಸುತ್ತಿದ್ದೇವೆ ಎಂಬುದನ್ನು ಹೇಳುವುದಿಲ್ಲ. ಕಳೆದ ಆಗಮನ ಕಾಲದಲ್ಲಿ ನಮ್ಮ ಮನೆಯಲ್ಲಿ ಬಳಸಿದ ಅಡ್ವೆಂಟ್ ರೀತ್ ಸೆಟ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ದುಂಡನೆಯ ಹಸಿರು ವರ್ತುಲ, ಮೂರು ನೇರಳೆ, ಒಂದು ಗುಲಾಬಿ, ಒಂದು ಬಿಳಿ ಮೊಂಬತ್ತಿ ಮತ್ತು ಒಂದು ಪ್ರಾರ್ಥನಾ ಪುಸ್ತಿಕೆ ಇಷ್ಟೇ ಅದರಲ್ಲಿರುವುದು. ಪ್ರತಿ ಭಾನುವಾರ ಹಿಂದಿನವುಗಳ ಜೊತೆಗೆ ಹೊಸದೊಂದು ಬತ್ತಿ ಹಚ್ಚುತ್ತ ಹೋಗಿ, ಬಿಳಿಯದನ್ನು ಕ್ರಿಸ್‌ಮಸ್‌ನ ಹಿಂದಿನ ಸಂಜೆ ಹಚ್ಚುವುದು ಕ್ರಮ.

ಈ ಪದ್ಧತಿಯ ಮೂಲದಲ್ಲಿಯೂ ಕಾಯುವ ಮಕ್ಕಳೇ ಇದ್ದರು. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಮೊಂಬತ್ತಿಗಳನ್ನೂ ಉಳಿದ ದಿನಗಳಿಗೆ ಚಿಕ್ಕವನ್ನೂ ನಿಲ್ಲಿಸಿ, ಕ್ರಿಸ್‌ಮಸ್ ಎಷ್ಟು ಹತ್ತಿರ ಬಂತೆಂದು ಮಕ್ಕಳಿಗೆ ತೋರಿಸುತ್ತಿದ್ದರು.

ಸೆಟ್‌ನ ನಿಜವಾದ ಬೆಲೆ ಇರುವುದು ಪುಸ್ತಿಕೆಯಲ್ಲಿ. ಮೊದಲ ಭಾನುವಾರಕ್ಕೆ ಅದು ಬೆತ್ಲೆಹೇಮನ್ನಾಗಲಿ ಕುರುಬರನ್ನಾಗಲಿ ತರುವುದಿಲ್ಲ; ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಿಂದ, ಎಚ್ಚರವಾಗಿರಬೇಕೆಂದು ಯೇಸು ಹೇಳುವ ಭಾಗವನ್ನು ಓದಿಸುತ್ತದೆ. ಆಗಮನ ಕಾಲವು ಕ್ರಿಸ್ತನ ಜನನದ ಸ್ಮರಣೆಗೆ ಮಾತ್ರವಲ್ಲದೆ ಆತನ ಪುನರಾಗಮನದ ನಿರೀಕ್ಷೆಗೂ ಸೇರಿದ್ದೆಂಬುದನ್ನು ಇಷ್ಟು ನೇರವಾಗಿ ಮುಂದಿಡುವ ಮಾರಾಟದ ವಸ್ತು ಅಪರೂಪ. ಓದು ಮುಗಿದ ಮೇಲೆಯೇ ಬತ್ತಿ ಹಚ್ಚಬೇಕೆಂಬ ಸೂಚನೆಯೂ ನನಗೆ ಹಿಡಿಸಿತು, ಏಕೆಂದರೆ ಬೆಳಕನ್ನು ನೋಡುವ ಆತುರದಲ್ಲಿ ದೇವರ ವಾಕ್ಯ ಹಿಂದೆ ಬೀಳುವುದಿಲ್ಲ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದ ಜಕರೀಯನಿಗೆ ಮೀಸಲಾದ ಪುಟದಲ್ಲಿ ವಿವರಣೆಯೇ ಇಲ್ಲ; ಮಾತು ಕಳೆದುಕೊಂಡ ಆ ಯಾಜಕನ ಕಥೆಯ ಕೆಳಗೆ, ಎರಡು ನಿಮಿಷ ಎಲ್ಲರೂ ಮೌನವಾಗಿರಿ ಎಂಬ ಒಂದೇ ಸಾಲಿದೆ. ಹಬ್ಬದ ಗಡಿಬಿಡಿಯಲ್ಲಿದ್ದ ಮನೆಗೆ ಅದಕ್ಕಿಂತ ಒಳ್ಳೆಯ ವಿವರಣೆ ಬೇಕಿರಲಿಲ್ಲ. ಮೂರನೆಯ ಭಾನುವಾರದ ಬತ್ತಿ ಮಾತ್ರ ಏಕೆ ಗುಲಾಬಿ ಬಣ್ಣದ್ದೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕರ್ತನಲ್ಲಿ ಯಾವಾಗಲೂ ಸಂತೋಷಪಡಿರಿ ಎಂದು ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದ ಮಾತನ್ನೇ ಪುಸ್ತಿಕೆ ಉತ್ತರವಾಗಿ ಕೊಡುತ್ತದೆ.

ಡಿಸೆಂಬರ್ 17ರಿಂದ 23ರವರೆಗಿನ ಪುಟಗಳು ಇನ್ನೂ ಸೊಗಸಾಗಿವೆ. ಪಶ್ಚಿಮದ ಕ್ರೈಸ್ತ ಸಭೆಯು ಸಂಜೆಯ ಪ್ರಾರ್ಥನೆಯಲ್ಲಿ ಯೇಸುವಿನ ತಾಯಿ ಮರಿಯಳ ಸ್ತೋತ್ರಗೀತೆಯೊಂದಿಗೆ ಶತಮಾನಗಳಿಂದ ಹಾಡುತ್ತ ಬಂದಿರುವ ಏಳು ಕಿರು ಪ್ರಾರ್ಥನೆಗಳನ್ನು ಇಲ್ಲಿ ದಿನಕ್ಕೊಂದರಂತೆ ಕೊಟ್ಟಿದ್ದಾರೆ. ಜ್ಞಾನವೇ, ಕರ್ತನೇ, ಇಷಯನ ಬುಡವೇ, ದಾವೀದನ ಬೀಗದ ಕೈಯೇ, ಉದಯಸೂರ್ಯನೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ ಎಂದು ಕ್ರಿಸ್ತನನ್ನು ಪ್ರವಾದಿಗಳ ಮಾತಿನಲ್ಲಿಯೇ ಕರೆದು, ಪ್ರತಿ ಬಾರಿಯೂ ಬಾ ಎಂದು ಬೇಡುವ ಈ ಪ್ರಾರ್ಥನೆಗಳ ಎದುರು, ಉಡುಗೊರೆಗಳ ಪಟ್ಟಿಯಲ್ಲಿ ಮುಳುಗಿದ್ದ ಮನಸ್ಸು ತಾನಾಗಿಯೇ ದಾರಿಗೆ ಬರುತ್ತದೆ.

ಕೊರತೆಗಳೂ ಇವೆ. ಆಗಮನ ಕಾಲದ ಮೊದಲ ಭಾನುವಾರವು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವ ದಿನವಾದರೂ ಬರಬಹುದು; ಪುಸ್ತಿಕೆಯ ದಿನದ ಓದುಗಳು ಮಾತ್ರ ಡಿಸೆಂಬರ್ 1ಕ್ಕೆ ಅಂಟಿಕೊಂಡಿವೆ. 2023ರಂತೆ ನಾಲ್ಕನೆಯ ಭಾನುವಾರವು ಡಿಸೆಂಬರ್ 24ರಂದೇ ಬಂದರೆ, ನಾಲ್ಕನೆಯ ಬತ್ತಿಯನ್ನೂ ಕ್ರಿಸ್ತನನ್ನು ಸೂಚಿಸುವ ಬಿಳಿಯ ಬತ್ತಿಯನ್ನೂ ಒಂದೇ ದಿನ ಹಚ್ಚಬೇಕಾಗುತ್ತದೆ. ಅಂಥ ವರ್ಷಕ್ಕೆ ಏನು ಮಾಡಬೇಕೆಂದು ಪುಸ್ತಿಕೆಯಲ್ಲಿ ಒಂದು ಮಾತೂ ಇಲ್ಲ. ನಾಲ್ಕು ವಾರವೂ ಉರಿಯಬೇಕಾದ ಮೊದಲ ಮೊಂಬತ್ತಿ ಉಳಿದವುಗಳಷ್ಟೇ ತೆಳ್ಳಗಿದ್ದು, ಮೂರನೆಯ ವಾರ ಮುಗಿಯುವ ಹೊತ್ತಿಗೆ ಬುಡಕ್ಕಿಳಿದಿತ್ತು. ಬತ್ತಿ ನಿಲ್ಲಿಸುವ ಬಟ್ಟಲುಗಳು ಸಡಿಲವಾಗಿವೆ, ಎಲೆಗಳು ಪ್ಲಾಸ್ಟಿಕ್‌ನವು. ಹಾಗಾಗಿ ದೊಡ್ಡವರು ಹತ್ತಿರವಿಲ್ಲದೆ ಉರಿಸುವುದು ಅಪಾಯ.

ಇಷ್ಟಾದರೂ, ಮಕ್ಕಳಿರುವ ಮನೆಗೂ ಒಬ್ಬರೇ ಕುಳಿತು ಪ್ರಾರ್ಥಿಸುವವರಿಗೂ ನಾನು ಈ ಸೆಟ್ಟನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಕೊಳ್ಳುವವರು ಮೊದಲ ಭಾನುವಾರಕ್ಕೆಂದು ದಪ್ಪನೆಯ ನೇರಳೆ ಮೊಂಬತ್ತಿಯೊಂದನ್ನು ಬೇರೆಯಾಗಿ ತಂದಿಟ್ಟುಕೊಳ್ಳಲಿ, ಆ ವರ್ಷದ ಭಾನುವಾರಗಳಿಗೆ ಹೊಂದುವಂತೆ ಪುಸ್ತಿಕೆಯ ದಿನಾಂಕಗಳನ್ನು ಮುಂಚಿತವಾಗಿಯೇ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಲಿ.