ಕೊಡಗಿನ ಮಳೆಗೆ ಸನ್‌ರೂಫ್ ಯಾಕೆ?

ಹೋಂಡಾ ಸಿಟಿ ಕಾರು ತೆಗೆದುಕೊಳ್ಳೋಣ ಅಂತ ತೀರ್ಮಾನವಾದದ್ದು ಒಂದೇ ದಿನದಲ್ಲಿ. ಅಗ್ಗದ್ದರಿಂದ ದುಬಾರಿಯವರೆಗೆ ಎಸ್‌ವಿ, ವಿ, ವಿಎಕ್ಸ್, ಜೆಡ್‌ಎಕ್ಸ್, ಈ ನಾಲ್ಕು ಮಾದರಿಗಳಲ್ಲಿ ಯಾವುದು ಅನ್ನೋದಕ್ಕೆ ಎರಡು ತಿಂಗಳು ಹಿಡಿಯಿತು.

ಶೋರೂಮಿನ ಹುಡುಗನ ಬಾಯಲ್ಲಿ ಜೆಡ್‌ಎಕ್ಸ್ ಬಿಟ್ಟು ಬೇರೆ ಮಾತೇ ಇಲ್ಲ. "ಸರ್, ಲೆದರ್ ಸೀಟು, ಸನ್‌ರೂಫ್..." ಜುಲೈಯಲ್ಲಿ ಸುಂಟಿಕೊಪ್ಪದ ತೋಟದಿಂದ ಒದ್ದೆ ಕೊಡೆ, ಕೆಸರು ಬೂಟು ಸಮೇತ ಹತ್ತುವವನಿಗೆ ಲೆದರ್ ಸೀಟಾ? ಸನ್‌ರೂಫ್ ತೆರೆದರೆ ಮಳೆಯ ಜೊತೆ ಜಿಗಣೆಯೂ ಬಂದೀತು!

ನನಗೆ ಎಸ್‌ವಿ ಸಾಕಿತ್ತು. ಆದರೆ ಅದರಲ್ಲಿ ಮ್ಯಾನ್ಯುಯಲ್ ಗೇರ್ ಮಾತ್ರ. ಹೆಂಡತಿಗೆ ಮೊಣಕಾಲು ನೋವು. ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದರೆ ಕ್ಲಚ್ ತುಳಿದೂ ತುಳಿದೂ ಸಾಕಾಗುತ್ತದೆ, ಅಲ್ವಾ? ಕ್ಲಚ್ಚೇ ಇಲ್ಲದ ಸಿವಿಟಿ ಆಟೊಮ್ಯಾಟಿಕ್ ಗೇರ್ ಸಿಗುವುದು ವಿ ಇಂದ ಮೇಲಕ್ಕೆ. ಆ ಗೇರಿನ ವಿ ಯನ್ನೇ ತೆಗೆದುಕೊಂಡೆವು. ಪೆಟ್ರೋಲಿನ ನಾಲ್ಕರಲ್ಲೂ ಇಂಜಿನ್ ಒಂದೇ, 1.5 ಲೀಟರ್, 121 ಪಿಎಸ್ ಶಕ್ತಿ. ಜಾಸ್ತಿ ದುಡ್ಡು ಕೊಟ್ಟ ಮಾತ್ರಕ್ಕೆ ಘಾಟಿ ಬೇಗ ಹತ್ತುವುದಿಲ್ಲ.

ಮುಂದಿನ ಗಾಜಿನ ಕ್ಯಾಮೆರಾ ನೋಡಿಕೊಂಡು ತಾನೇ ಬ್ರೇಕ್ ಹಾಕುವ ಹೋಂಡಾ ಸೆನ್ಸಿಂಗ್ ಕೂಡ ವಿ ಯಲ್ಲೇ ಇದೆ. ಕುಶಾಲನಗರ ದಾಟಿ ಹುಣಸೂರಿನ ಕಡೆ ಹೋಗುವಾಗ ಚೆನ್ನಾಗಿದೆ. ಮಡಿಕೇರಿಯ ಮಂಜಿನಲ್ಲಿ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ. ನಮಗೆ ಕಾಣದಿದ್ದರೆ ಕ್ಯಾಮೆರಾಗೂ ಕಾಣುವುದಿಲ್ಲ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 165 ಮಿಲಿಮೀಟರ್; ತೋಟದ ದಾರಿಗೆ ಅದು ಸಾಲದು. ಜೆಡ್‌ಎಕ್ಸ್ ಬಿಟ್ಟಿದ್ದರಿಂದ ಉಳಿದ ದುಡ್ಡಲ್ಲಿ ತೋಟದ ಏರಿಗೆ, ಚಕ್ರ ಓಡುವಷ್ಟು ಜಾಗಕ್ಕೆ, ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆ.