ಗಂಗೊಳ್ಳಿಯಲ್ಲಿ ಎರಡು ರಾತ್ರಿ: ಊಟಕ್ಕೆ ಪೂರ್ತಿ ಅಂಕ, ಕಿಟಕಿಗೆ ಸೊನ್ನೆ

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಅಂಕ ಹಾಕುವ ಚಟ ರಜೆಯಲ್ಲೂ ಬಿಡುವುದಿಲ್ಲ. ಡಿಸೆಂಬರ್ ಕೊನೆಗೆ ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗ, ನಾನು ಉಡುಪಿ ಜಿಲ್ಲೆಯ ಬಂದರು ಊರು ಗಂಗೊಳ್ಳಿಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿದು ಬಂದೆವು. ಒಬ್ಬರಿಗೆ ದಿನಕ್ಕೆ 1,400 ರೂಪಾಯಿ, ಊಟ ತಿಂಡಿ ಎಲ್ಲ ಸೇರಿ. ಮನೆಯ ಹೆಸರು ಬರೆಯುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಮನೆಯವರು ಮಾತ್ರ ತುಂಬಾ ಒಳ್ಳೆಯವರು.

ಬೈಗುಳವನ್ನೇ ಮೊದಲು ಮುಗಿಸಿಬಿಡುತ್ತೇನೆ. ಫೋಟೋದಲ್ಲಿ ಕಿಟಕಿ ತುಂಬಾ ಸಮುದ್ರ ಇತ್ತು. ಹೋಗಿ ಪರದೆ ಸರಿಸಿದರೆ ಪಕ್ಕದ ಮನೆಯ ನೀಲಿ ಟಾರ್ಪಾಲು, ಅದರ ಮೇಲೆ ಒಣಗಲು ಹಾಕಿದ ಮೀನು. ಕೇಳಿದ್ದಕ್ಕೆ ಮನೆ ಯಜಮಾನರು ಸ್ವಲ್ಪವೂ ಮುಜುಗರವಿಲ್ಲದೆ, "ಫೋಟೋ ತಾರ್ಸಿ ಮೇಲಿಂದ ತೆಗ್ದದ್ ಮರ್ರೆ" ಅಂದರು. ಬಿಸಿನೀರು ಎರಡು ಬಕೆಟ್ ಆದ ಮೇಲೆ ತಣ್ಣಗೆ. ಹಾಸಿಗೆ ಮಧ್ಯದಲ್ಲಿ ಗುಂಡಿ ಬಿದ್ದಿದೆ, ಇಬ್ಬರು ಮಲಗಿದರೆ ಬೆಳಗ್ಗೆ ಒಟ್ಟಿಗೇ ಏಳಬೇಕು. ನಸುಕಿನಲ್ಲೇ ಬೋಟುಗಳ ಇಂಜಿನ್ ಶುರುವಾಗುತ್ತದೆ. ಇದನ್ನು ತಪ್ಪು ಅನ್ನುವುದಿಲ್ಲ. ಬಂದರಿನ ಊರಿಗೆ ಹೋಗಿ ಬೋಟಿನ ಸದ್ದು ಬೇಡ ಅಂದರೆ ಹೇಗೆ?

ಊಟದ ವಿಷಯಕ್ಕೆ ಬರುತ್ತೇನೆ. ಅತ್ತೆ ಮೀನು ಮುಟ್ಟುವುದಿಲ್ಲ, ಅವರಿಗೆ ಏನು ಗತಿ ಅಂತ ನನಗೆ ಹೆದರಿಕೆ ಇತ್ತು. ಮನೆಯ ಅಕ್ಕ ಮೊದಲ ದಿನವೇ ಬೇರೆ ಪಾತ್ರೆ ತೆಗೆದರು. ಹುರಳಿ ಸಾರು, ಬಾಳೆದಿಂಡಿನ ಪಲ್ಯ, ಸಂಜೆಗೆ ನೀರುದೋಸೆ ಜೊತೆ ಕಾಯಿ ಬೆಲ್ಲ. ಕುಚ್ಚಲಕ್ಕಿ ಅನ್ನ ನೋಡಿ ಅತ್ತೆ, "ಇದು ಬೆಂದಿಲ್ಲ ಕಣೇ" ಅಂತ ನನ್ನ ಕಿವಿಯಲ್ಲಿ ಅಂದರು. ಅಕ್ಕನಿಗೆ ಕೇಳಿಸಿಯೇಬಿಟ್ಟಿತು. ನಕ್ಕು, ಮರುದಿನದಿಂದ ಅತ್ತೆಗೆ ಬೆಳ್ತಿಗೆ ಅನ್ನ, ಅಂದರೆ ನಮ್ಮ ಕಡೆಯಂಥ ಬಿಳಿ ಅನ್ನ, ಬೇರೆ ಮಾಡಿಟ್ಟರು. ನಮಗೆ ಬಂಗುಡೆ ಸಾರು, ಕಾಣೆ ಫ್ರೈ, ಎರಡನೇ ರಾತ್ರಿ ಸಿಗಡಿ ಸುಕ್ಕ. ಬಂಗುಡೆ ಬೆಳಗ್ಗೆ ಬೋಟಿನಿಂದ ಇಳಿದದ್ದು. ನಮ್ಮೂರಲ್ಲಿ ಐಸಿನಲ್ಲಿ ಎರಡು ದಿನ ಕೂತು ಬರುವ ಮೀನಿಗೂ ಇದಕ್ಕೂ ಹೆಸರು ಮಾತ್ರ ಒಂದೇ. ಊಟಕ್ಕೆ 10ಕ್ಕೆ 10.

ದೋಣಿ ಸುತ್ತಾಟಕ್ಕೆ ಬೇರೆ ದುಡ್ಡು, ಗಂಟೆಗೆ 800. ಬುಕ್ ಮಾಡುವಾಗ ಇದನ್ನು ಹೇಳಿರಲಿಲ್ಲ. ಲೈಫ್ ಜಾಕೆಟ್ ಮೂರೇ ಇದ್ದವು. ಅತ್ತೆ ದಡದಲ್ಲೇ ಕೂತಿದ್ದಕ್ಕೆ ಲೆಕ್ಕ ಸರಿಹೋಯಿತು. ಇದು ಮಾತ್ರ ನಕ್ಕು ಬಿಡುವ ವಿಷಯ ಅಲ್ಲ, ಅವರಿಗೂ ಹೇಳಿ ಬಂದಿದ್ದೇನೆ. ಆದರೂ ದೋಣಿಯಲ್ಲಿ ಹೋಗಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆಗಳು ಇಲ್ಲಿ ಒಂದಾಗಿ ಸಮುದ್ರಕ್ಕೆ ಬೀಳುತ್ತವೆ. ಅದಕ್ಕೇ ಪಂಚಗಂಗಾವಳಿ ಅನ್ನುವ ಹೆಸರು. ಎದುರಿಗೆ ಕುಂದಾಪುರ, ಕೂಗಿದರೆ ಕೇಳಿಸುತ್ತದೇನೋ ಅನ್ನುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಸುತ್ತಬೇಕು. ಹೋಂಸ್ಟೇಯ ಮನೆ ಯಜಮಾನರು ಹಿಂದೆ ಬೋಟಿಗೆ ಹೋಗುತ್ತಿದ್ದವರು. ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ಅದರ ಹತ್ತಿರ ದೋಣಿ ನಿಧಾನ ಮಾಡಿ, ಮರಳು ಎಲ್ಲಿ ತುಂಬಿದೆ, ಅಲೆ ಎಲ್ಲಿ ಮುರಿಯುತ್ತದೆ ತೋರಿಸಿದರು. ದಾರಿ ಗೊತ್ತಿಲ್ಲದವನು ಬೋಟು ತಂದರೆ ಇಲ್ಲೇ ಮಗುಚುವುದಂತೆ.

ಅಲ್ಲಿ ಕೂತು ನನಗೆ ಪಾಠ ಹೊಳೆಯಿತು. ಈ ಅಳಿವೆಯ ಬಾಗಿಲಿನಿಂದ ಒಳಗೆ ವಾರಾಹಿ ಹಿಡಿದು ಹೋದರೆ ಬಸ್ರೂರು. ಒಂದು ಕಾಲಕ್ಕೆ ಕರಾವಳಿಯ ದೊಡ್ಡ ಪೇಟೆ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು ಅಬೂ ಸರೂರ್ ಅಂತ ಕರೆದು, ತೆಂಗಿನ ಮರ ಜಾಸ್ತಿ ಅಂತ ಬರೆದಿದ್ದಾನೆ. ಪೋರ್ಚುಗೀಸರಿಗೆ ಇದು ಬಾರ್ಸೆಲೋರ್. ಅವರು ಇಲ್ಲಿಂದ ಗೋವಾಕ್ಕೆ ಅಕ್ಕಿ ಒಯ್ಯುತ್ತಿದ್ದರು. ಕೋಟೆಯನ್ನು ಮಾತ್ರ ಕೆಳಗೆ ಕುಂದಾಪುರದ ಕಡೆ ಕಟ್ಟಿಕೊಂಡರು. ಯಾಕೆ ಅಂತ ದೋಣಿಯಲ್ಲಿ ಕೂತರೆ ತಾನಾಗಿ ತಿಳಿಯುತ್ತದೆ: ಅಳಿವೆ ಹಿಡಿದವನ ಕೈಯಲ್ಲೇ ಒಳಗಿನ ಪೇಟೆಯ ಕೀಲಿಕೈ. 1650ರ ದಶಕದಲ್ಲಿ ಅವರನ್ನು ಓಡಿಸಿದ್ದು ಕೆಳದಿಯ ಶಿವಪ್ಪ ನಾಯಕ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲೇ ಬಂದು ಬಸ್ರೂರನ್ನು ಲೂಟಿ ಮಾಡಿ ಗೋಕರ್ಣದ ಕಡೆ ಹೋದ. 85 ಸಣ್ಣ ಹಡಗು, 3 ದೊಡ್ಡವು. ಮಗ ಅಷ್ಟು ಹಡಗು ಇಲ್ಲಿ ಹಿಡಿಸುತ್ತವಾ ಅಂತ ನೀರನ್ನು ನೋಡುತ್ತಾ ಕೂತ. ಕ್ಲಾಸಿನಲ್ಲಿ ಇಂಥ ಪ್ರಶ್ನೆ ಒಬ್ಬರೂ ಕೇಳಿಲ್ಲ.

ನಾಳೆ ಬಸ್ರೂರಿಗೆ ಹೋಗುತ್ತೇವೆ ಅಂದಾಗ ಮನೆ ಯಜಮಾನರು, "ಬಸ್ರೂರಂಗೆ ನೋಡುಕೆ ಎಂತ ಇತ್ತ್ ಟೀಚರೇ?" ಅಂದರು. ನಾನು ಶುರು ಹಚ್ಚಿಕೊಂಡೆ. ಬಂದರು ಇತ್ತು, ಪೇಟೆ ಇತ್ತು, ಅಕ್ಕಿ ವ್ಯಾಪಾರ ಇತ್ತು. ಅವರು ಪಾಪ ಐದು ನಿಮಿಷ ಕೇಳಿದರು. ಆಮೇಲೆ ಅಕ್ಕ ಒಳಗಿನಿಂದ ನಗುತ್ತಾ ಬಂದು ಬಿಡಿಸಿ ಹೇಳಿದರು. ಅವರ ಮಾತಲ್ಲಿ "ಇತ್ತ್" ಅಂದರೆ "ಇದೆ" ಅಂತ. ಅವರು ಕೇಳಿದ್ದು ಈಗ ಏನಿದೆ ಅಂತ, ನಾನು ಹೇಳಿದ್ದು ಆಗ ಏನಿತ್ತು ಅಂತ!

ಮರುದಿನ ಹೋದೆವು. ಘಟ್ಟ ಇಳಿದು ಬರುವಾಗ ಕಂಡ್ಲೂರು ಆದ ಮೇಲೆ ಇದೇ ಬಸ್ರೂರನ್ನು ದಾಟಿ ಬಂದಿದ್ದೆವು, ಗೊತ್ತೇ ಆಗಿರಲಿಲ್ಲ. ಅಷ್ಟು ಸುಮ್ಮನಿರುವ ಊರು. ಆದರೆ ಕೇರಿಗಳ ಹೆಸರು ಉಳಿದಿವೆ. ಮಂಡಿಕೇರಿ, ವಿಲಾಸಕೇರಿ, ರಾವುತಕೇರಿ. ರಾವುತ ಅಂದರೆ ಕುದುರೆ ಸವಾರ, ಈಗ ಅಲ್ಲಿ ಸ್ಕೂಟರ್ ಓಡಾಡುತ್ತವೆ. ಮಹಾಲಿಂಗೇಶ್ವರ ದೇವಸ್ಥಾನ ನೋಡಿ ತುಳುವೇಶ್ವರಕ್ಕೆ ಹೋದೆವು. ಗುಡಿ ಬಿದ್ದುಹೋಗಿ ದೊಡ್ಡ ಮರದ ಬೇರುಗಳೇ ಗೋಡೆಯಾಗಿವೆ, ಒಳಗೆ ಲಿಂಗ. ಅತ್ತೆ ಎರಡು ದಿನದಲ್ಲಿ ಮೊದಲ ಸಲ ಮೊಣಕಾಲು ನೋವಿನ ಮಾತೆತ್ತದೆ ಅರ್ಧ ಗಂಟೆ ಕೂತರು. ಎಲ್ಲಿಗೆ ಹೋಗಬೇಕಾದರೂ ದಾರಿ ಕೇಳಿಕೊಂಡೇ ಹೋಗಬೇಕಾಯಿತು. ಊರವರು ಬೇಸರವಿಲ್ಲದೆ ಹೇಳುತ್ತಾರೆ, ಒಬ್ಬರು ಬೈಕಿನಲ್ಲಿ ಮುಂದೆ ಮುಂದೆ ಬಂದು ತೋರಿಸಿಯೇ ಹೋದರು.

ಹೋಗುವವರಿಗೆ ಎರಡು ಮಾತು. ತಾರಸಿ ಪಕ್ಕದ ಮೇಲಿನ ರೂಮನ್ನೇ ಕೇಳಿ, ಕೊಡದಿದ್ದರೆ ಚೌಕಾಸಿ ಮಾಡಿ. ಜೂನ್, ಜುಲೈ ಬೇಡ. ಆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬಂದರಿನ ಗಲಾಟೆಯೂ ಇರುವುದಿಲ್ಲ, ಆ ಬಂಗುಡೆಯೂ ಸಿಗುವುದಿಲ್ಲ.

ವಾಪಸ್ ಬರುವಾಗ ಹುಲಿಕಲ್ ಘಟ್ಟ ಹತ್ತಿ ನಗರ ಅನ್ನುವ ಊರಿನ ಕೋಟೆ ಹತ್ತಿರ ಕಾರು ನಿಲ್ಲಿಸಿದೆವು. ಶಿವಪ್ಪ ನಾಯಕನ ಕೋಟೆ ಅಂತ ಹೇಳುವಷ್ಟರಲ್ಲಿ ಮಗ, "ಇವನೇ ಅಲ್ವಾ ಅಳಿವೆ ಹಿಡಿದವನು?" ಅಂದ. ನಾನು ಇನ್ನೂ ಹೇಳಲು ಹೊರಟಿದ್ದೆ. ನಮ್ಮ ಯಜಮಾನರು ಬಿಡಲಿಲ್ಲ, ಬೇಗ ಹೊರಡೋಣ ಅಂತ ಅವಸರ ಮಾಡಿದರು. ಅಕ್ಕ ಕಟ್ಟಿಕೊಟ್ಟ ಒಣ ಸಿಗಡಿಯ ಪೊಟ್ಟಣ ಡಿಕ್ಕಿಯಲ್ಲಿ ಬಿಸಿಲಿಗೆ ಜೋರಾಗಿ ವಾಸನೆ ಬಿಡುತ್ತಿತ್ತು.