ನಾಲ್ಕು ಪಾಲಾದ ಬಾನೆಟ್: ವ್ಯಾಕ್ಸ್, ಸೀಲೆಂಟ್, ಸ್ಪ್ರೇ, ಸೆರಾಮಿಕ್

ರಾತ್ರಿ ಹೊತ್ತು ಟಾರ್ಚ್ ಬಿಟ್ಟು ನಿಮ್ಮ ಕಾರಿನ ಬಾನೆಟ್ ನೋಡಿದ್ದೀರಾ? ನೋಡಬೇಡಿ, ನಿದ್ದೆ ಬರುವುದಿಲ್ಲ. ನಾನು ನೋಡಿಬಿಟ್ಟೆ. ಹಗಲಲ್ಲಿ ಸುಮಾರಾಗಿ ಹೊಳೆಯುತ್ತಿದ್ದ ಕಪ್ಪು ಬಣ್ಣದ ಮೇಲೆ, ಬೆಳಕು ಬಿದ್ದ ಜಾಗದ ಸುತ್ತ, ಜೇಡರ ಬಲೆಯ ಹಾಗೆ ನೂರಾರು ಸಣ್ಣ ಗೀರುಗಳು. ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಯಾರೋ ಬಂದು ಗೀಚಿ ಹೋದದ್ದಲ್ಲ. ದಿನಾ ಬೆಳಿಗ್ಗೆ ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಶ್ರದ್ಧೆಯಿಂದ ಒರೆಸಿದ್ದು ನಾನೇ.

ಸಲಹೆಗೇನೂ ಬರ ಇರಲಿಲ್ಲ. ವ್ಯಾಕ್ಸ್ ಹಾಕು ಸಾಕು ಅಂದರು ಒಬ್ಬರು. ಅದೆಲ್ಲ ಹಳೇ ಕಾಲದ್ದು, ಸೆರಾಮಿಕ್ (ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ ಲೇಪ) ಹಾಕು ಅಂದರು ಇನ್ನೊಬ್ಬರು. ಆದರೆ ಒಬ್ಬರ ಕಾರು ನೆರಳಲ್ಲಿ ನಿಲ್ಲುತ್ತದೆ, ಇನ್ನೊಬ್ಬರದು ದಿನವಿಡೀ ಬಿಸಿಲಲ್ಲಿ. ಅವರ ಮಾತನ್ನು ಇವರ ಮಾತಿನ ಜೊತೆ ತೂಗುವುದು ಹೇಗೆ? ಕೊನೆಗೆ ನನ್ನ ಬಾನೆಟ್‌ಗೇ ಮಾಸ್ಕಿಂಗ್ ಟೇಪ್ ಅಂಟಿಸಿ ನಾಲ್ಕು ಪಾಲು ಮಾಡಿದೆ. ಒಂದೊಂದಕ್ಕೆ ಒಂದೊಂದು ಲೇಪ. ಅದೇ ಬಿಸಿಲು, ಅದೇ ಮಳೆ, ಅದೇ ಹಕ್ಕಿ ಹಿಕ್ಕೆ. ಎಂಟು ತಿಂಗಳು ನೋಡಿದೆ.

ಲೇಪಕ್ಕೆ ಮೊದಲು ಪಾಲಿಶ್ ವಿಷಯ. ಇಲ್ಲೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ, ನಾನೂ ಮಾಡಿಕೊಂಡಿದ್ದೆ. ಪಾಲಿಶ್ ಅಂದರೆ ಕಾರಿಗೆ ಏನೋ ಹಚ್ಚುವುದಲ್ಲ, ಕಾರಿನಿಂದ ತೆಗೆಯುವುದು. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ಅಂದರೆ ತಲೆಕೂದಲಿಗಿಂತ ತೆಳು. ಗೀರು ಇರುವುದು ಅದರ ಮೇಲ್ಭಾಗದಲ್ಲಿ. ಪಾಲಿಶ್‌ನಲ್ಲಿರುವ ನುಣುಪಾದ ಪುಡಿ ಸುತ್ತಲಿನ ಮೇಲ್ಮೈಯನ್ನು ಒಂದಿಷ್ಟು ಸವೆಸಿ ಗೀರಿನ ಅಂಚನ್ನು ಮಟ್ಟ ಮಾಡುತ್ತದೆ. ಹಾಗಾಗಿ ಕ್ಲಿಯರ್ ಕೋಟ್ ಒಂದು ಇಡುಗಂಟು ಇದ್ದ ಹಾಗೆ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಅದರಿಂದ ಸ್ವಲ್ಪ ಖರ್ಚಾಗುತ್ತದೆ, ವಾಪಸ್ ತುಂಬುವುದಿಲ್ಲ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಸುಮ್ನೆ ಬಿಟ್ಟುಬಿಡಿ. ಅದನ್ನು ಅಳಿಸಲು ಹೋದರೆ ಬುಡವೇ ಬಯಲಾಗುತ್ತದೆ.

ಮೊದಲು ತೊಳೆದೆ. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದೆ. ಬರಿಗೈಗೆ ನುಣ್ಣಗಿದ್ದದ್ದು ಚೀಲದೊಳಗಿನ ಬೆರಳಿಗೆ ಮರಳು ಕಾಗದದ ಹಾಗೆ ತರಿತರಿ ಅಂತು. ಬ್ರೇಕ್‌ನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ಏನೇನೋ ಕಚ್ಚಿಕೊಂಡಿರುತ್ತವೆ. ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಅಂಟಿಸಿಕೊಂಡು ಎತ್ತುವ ಜೇಡಿಮಣ್ಣಿನಂಥ ಮುದ್ದೆ. ಶ್ಯಾಂಪೂ ನೀರು ಧಾರಾಳವಾಗಿ ಹಾಕಿ, ಒತ್ತದೆ ಜಾರಿಸಬೇಕು. ಕೆಳಗೆ ಬಿದ್ದ ಕ್ಲೇಯನ್ನು ಮತ್ತೆ ಕೈಗೆತ್ತಿಕೊಳ್ಳಬೇಡಿ, ಎಷ್ಟೇ ಹೊಟ್ಟೆ ಉರಿದರೂ ಎಸೆಯಿರಿ.

ಪಾಲಿಶ್‌ನಲ್ಲಿ ಮೂರು ದಾರಿ ನೋಡಿದೆ. ಮುಂದಿನ ಡೋರನ್ನು ಕೈಯಲ್ಲೇ ತಿಕ್ಕಿದೆ. 40 ನಿಮಿಷ, ಭುಜ ಬಿದ್ದು ಹೋಯಿತು. ಟಾರ್ಚ್ ಹಾಕಿದರೆ ಅರ್ಧಕ್ಕರ್ಧ ಗೀರು ಮಾಯ! ಖುಷಿಯಲ್ಲಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಗೀರುಗಳೆಲ್ಲ ಒಂದೊಂದಾಗಿ ವಾಪಸ್ ಬಂದವು, ಊಟಕ್ಕೆ ಎದ್ದು ಹೋದವರು ತಿರುಗಿ ಬಂದು ಕೂತ ಹಾಗೆ. ಆಗಿದ್ದು ಇಷ್ಟೇ: ಪಾಲಿಶ್‌ನ ಎಣ್ಣೆ ಮತ್ತು ಫಿಲ್ಲರ್ ಗೀರಿನೊಳಗೆ ತುಂಬಿ ಅದನ್ನು ಮುಚ್ಚಿತ್ತು, ಅಳಿಸಿರಲಿಲ್ಲ. ನಾಲ್ಕೈದು ತೊಳೆತದಲ್ಲಿ ಅದು ತಾನಾಗೇ ಬಯಲಾಗುತ್ತಿತ್ತು. ಹೀಗೆ ಆಲ್ಕೋಹಾಲ್‌ನಲ್ಲಿ ಒಮ್ಮೆ ಒರೆಸಿ ನೋಡದೆ ಯಾವ ಪಾಲಿಶನ್ನೂ ನಂಬಬೇಡಿ.

ಪರಿಚಯದವರ ಹತ್ತಿರ ರೋಟರಿ ಯಂತ್ರ ಇತ್ತು, ಎರವಲು ತಂದು ಹಿಂದಿನ ಡಿಕ್ಕಿ ಮೇಲೆ ಓಡಿಸಿದೆ. ಅದು ಒಂದೇ ಕಡೆ ಗಿರ್ರನೆ ಸುತ್ತುತ್ತದೆ. ಗೀರು ತೆಗೆಯುವುದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಬಿಸಿಯೂ ಬೇಗ ಏರುತ್ತದೆ, ಕೈ ಪಳಗಿಲ್ಲದಿದ್ದರೆ ಬಿಸಿಲಲ್ಲಿ ಮೀನಿನ ಬಾಲದ ಹಾಗೆ ಮಿಂಚುವ ಪಟ್ಟೆಗಳನ್ನು ಬಿಟ್ಟು ಹೋಗುತ್ತದೆ. ನನ್ನ ಕೈ ಪಳಗಿರಲಿಲ್ಲ. ಮಾರನೇ ದಿನವೇ ವಾಪಸ್ ಕೊಟ್ಟೆ.

ಗೆದ್ದದ್ದು ಡಿಎ, ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್. ಅದರ ಪ್ಯಾಡ್ ಸುತ್ತುತ್ತಾ ಅತ್ತಿತ್ತ ಓಲಾಡುತ್ತದೆ. ಜಾಸ್ತಿ ಒತ್ತಿದರೆ ಸುತ್ತುವುದನ್ನೇ ನಿಲ್ಲಿಸಿಬಿಡುತ್ತದೆ. ಹೊಸಬರಿಗೆ ಇದು ವರ. ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತಿದ್ದರೆ ನೀವು ಸುಮ್ನೆ ಬಣ್ಣಕ್ಕೆ ಮಸಾಜ್ ಮಾಡುತ್ತಿದ್ದೀರಿ. ಪ್ಯಾಡ್ ಮೇಲೆ ನಾಲ್ಕೈದು ಹನಿ ಪಾಲಿಶ್ ಸಾಕು. ಒಂದು ಸಲಕ್ಕೆ 50 ಸೆಂಟಿಮೀಟರ್ ಚೌಕ, ಅಡ್ಡ ಒಂದು ಸಲ, ಉದ್ದ ಒಂದು ಸಲ, ಹೀಗೆ ನಾಲ್ಕಾರು ಸುತ್ತು. ಕೈ ಆಮೆಯ ಹಾಗೆ ಹೋಗಬೇಕು. ಅಂಚುಗಳಲ್ಲಿ, ಬಾಡಿಯ ಚೂಪು ಗೆರೆಗಳ ಮೇಲೆ ಬಣ್ಣ ತೆಳುವಾಗಿರುತ್ತದೆ, ಅಲ್ಲಿಗೆ ಟೇಪ್. ಮತ್ತೆ, ಮೊದಲೇ ಗಡಸು ಪ್ಯಾಡ್ ಎತ್ತಿಕೊಳ್ಳಬೇಡಿ. ಮೆದು ಪ್ಯಾಡ್, ನಯವಾದ ಪಾಲಿಶ್ ಹಾಕಿ ಒಂದು ಮೂಲೆಯಲ್ಲಿ ನೋಡಿ, ಸಾಲದಿದ್ದರೆ ಮಾತ್ರ ಮೇಲಿನದಕ್ಕೆ ಹೋಗಿ. ನನಗೆ ಮಧ್ಯಮ ಪ್ಯಾಡ್‌ನಲ್ಲೇ ಮುಗಿಯಿತು. ಆಲ್ಕೋಹಾಲ್ ಹಾಕಿ ಒರೆಸಿದೆ. ಗೀರು ವಾಪಸ್ ಬರಲಿಲ್ಲ.

ಹೊಳಪು ಅಂತ ನಾವು ಯಾವುದನ್ನು ಹೇಳುತ್ತೇವೋ ಅದೆಲ್ಲ ಆಗಲೇ ಬಂದಾಗಿತ್ತು. ಇನ್ನು ಹಾಕುವ ಲೇಪ ಆ ಹೊಳಪನ್ನು ಕಾಯುವುದಕ್ಕೆ ಮಾತ್ರ. ಬಾಟಲಿ ಮೇಲೆ ಏನೇ ಬರೆದಿರಲಿ, ಗೀರುಗಳ ಮೇಲೆ ಹಾಕಿದ ಸೆರಾಮಿಕ್ ಅಂದರೆ ಗೀರಿಗೆ ಗಾಜಿನ ಚೌಕಟ್ಟು ಹಾಕಿದ ಹಾಗೆ, ಅಲ್ವಾ?

ಮೊದಲ ಪಾಲಿಗೆ ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ ಇದು. ತೆಳ್ಳಗೆ ಸವರಿ, ಒಣಗಿ ಮಂಜಿನ ಹಾಗೆ ಮಬ್ಬಾದ ಮೇಲೆ ಒರೆಸಿದರೆ ಆಯಿತು. ಕಪ್ಪು ಬಣ್ಣಕ್ಕೆ ಇದು ಕೊಟ್ಟ ಆಳವನ್ನು ಉಳಿದ ಮೂರೂ ಕೊಡಲಿಲ್ಲ ಅಂತ ನನ್ನ ಕಣ್ಣು ಹೇಳುತ್ತದೆ. ಆದರೆ ಏಳನೇ ವಾರಕ್ಕೆ ನೀರಿನ ಮಣಿಗಳು ಚಪ್ಪಟೆಯಾದವು, ಒಂಬತ್ತನೇ ವಾರಕ್ಕೆ ನೀರು ಹಾಗೇ ಹರಡಿ ನಿಂತಿತು. ಸೋಪು ನೀರು ಜೋರಾಗಿದ್ದರೆ ಇನ್ನೂ ಬೇಗ ಹೋಗುತ್ತದೆ. ಇನ್ನೊಂದು ತಲೆನೋವು: ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್‌ಗೆ ತಾಗಿ ಬಿಳಿ ಕಲೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಅರ್ಧ ಗಂಟೆ ಉಜ್ಜಿದ್ದೇನೆ.

ಎರಡನೆಯದು ಪಾಲಿಮರ್ ಸೀಲೆಂಟ್, ಕೃತಕವಾಗಿ ತಯಾರಿಸಿದ ಲೇಪ. ಹಚ್ಚುವ ಶ್ರಮ ವ್ಯಾಕ್ಸಿನಷ್ಟೇ. ಹಚ್ಚಿದ ಮೇಲೆ ರಾತ್ರಿಯಿಡೀ ನೀರು ತಾಗಬಾರದು. ನೋಟ ಸ್ವಲ್ಪ ತಣ್ಣಗೆ, ಗಾಜಿನ ಹಾಗೆ. ಬೆಚ್ಚಗಿನ ಆಳ ಇಲ್ಲ. ಐದು ತಿಂಗಳು ಬಂತು. ಇದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ತೊಂದರೆ ಕೊಡದ ಬಾಡಿಗೆದಾರನ ಹಾಗಿತ್ತು.

ಮೂರನೆಯದು ಸಿಲಿಕಾ ಬೆರೆಸಿದ ಸ್ಪ್ರೇ. ಸಿಂಪಡಿಸು, ಒರೆಸು, ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸು. ಆ ಪಾಲು ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಜಾರುವಿಕೆ ಎಷ್ಟೆಂದರೆ ಮೇಲಿಟ್ಟ ಬಟ್ಟೆ ತಾನಾಗೇ ಕೆಳಗೆ ಜಾರಿತು. ತಪ್ಪು ಮಾಡಲು ಒಂದೇ ದಾರಿ, ಜಾಸ್ತಿ ಹಾಕುವುದು. ಆಗ ಎಣ್ಣೆ ಹಚ್ಚಿದ ಹಾಗೆ ಗೆರೆ ಗೆರೆ ಉಳಿಯುತ್ತದೆ. ಮೂರು ತಿಂಗಳಿಗೆ ಸುಸ್ತಾಯಿತು. ಆದರೆ ಮತ್ತೆ ಹಾಕಲು ಮತ್ತೆ ಐದೇ ನಿಮಿಷ.

ಇನ್ನು ಸೆರಾಮಿಕ್. ಸಣ್ಣ ಬಾಟಲಿ, ಕೈಗೆ ಗ್ಲೌಸ್, ಸ್ಪಂಜಿನ ತುಂಡಿಗೆ ಸುತ್ತಿದ ನುಣುಪು ಬಟ್ಟೆ. ಸವರಿದ ಒಂದೆರಡು ನಿಮಿಷಕ್ಕೆ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡುತ್ತದೆ, ಆಗಲೇ ಒರೆಸಬೇಕು. ಮುಂಚೆ ಒರೆಸಿದರೆ ಎದ್ದು ಬರುತ್ತದೆ, ತಡವಾದರೆ ಕಲ್ಲಾಗುತ್ತದೆ. ನಾನು ಬಾಗಿ, ಎದ್ದು, ಪಕ್ಕದಿಂದ ಎಲ್ಲ ನೋಡಿ ಒರೆಸಿದೆ. ಬೆಳಿಗ್ಗೆ ನೋಡಿದರೆ ಹೆಬ್ಬೆರಳಿನಷ್ಟು ಜಾಗದಲ್ಲಿ, ಎಣ್ಣೆ ಕೈ ಒತ್ತಿದ ಹಾಗೆ, ಮಬ್ಬು ಕಲೆ. ಉಗುರಿಗೆ ಬರಲಿಲ್ಲ, ಆಲ್ಕೋಹಾಲ್‌ಗೆ ಬರಲಿಲ್ಲ. ಮತ್ತೆ ಯಂತ್ರ ತೆಗೆದು ಪಾಲಿಶ್ ಮಾಡಿದೆ. ಕಲೆಯ ಜೊತೆ ಅಲ್ಲಿನ ಕೋಟಿಂಗೂ ಹೋಯಿತು. ಅಷ್ಟೇ ಜಾಗಕ್ಕೆ ಹೊಸದಾಗಿ ಹಚ್ಚಿದೆ. ಆಮೇಲೆ ಒಂದು ವಾರ ತೊಳೆಯುವ ಹಾಗಿಲ್ಲ. ಆ ವಾರವೇ ಹಕ್ಕಿಗಳಿಗೂ ನನ್ನ ಕಾರೇ ಬೇಕಾಯಿತು.

ತಾಳಿಕೆ ಮಾತ್ರ ಒಪ್ಪಬೇಕು. ಎಂಟು ತಿಂಗಳಾದರೂ ಮಳೆ ಹನಿ ಪಾದರಸದ ಹಾಗೆ ಉರುಳುತ್ತದೆ. ಕೆಸರು ಕೂತರೂ ನೀರು ಬಿಟ್ಟರೆ ಹೋಗುತ್ತದೆ. ಆದರೆ ಆ ಗುಂಡು ಹನಿಗಳು ಬಿಸಿಲಲ್ಲಿ ಅಲ್ಲೇ ಆರಿದರೆ ನೀರಿನೊಳಗಿನ ಉಪ್ಪು ಉಂಗುರವಾಗಿ ಉಳಿಯುತ್ತದೆ. ವ್ಯಾಕ್ಸ್ ಪಾಲಿಗಿಂತ ಇಲ್ಲೇ ಉಂಗುರ ಜಾಸ್ತಿ ಕಂಡೆ. ಬಾಟಲಿ ಮೇಲಿನ 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಪೆನ್ಸಿಲ್‌ಗೆ ಬಗ್ಗದ್ದು ಕೀ ಗೊಂಚಲಿಗೆ, ಹಾರಿ ಬರುವ ಕಲ್ಲಿಗೆ ಬಗ್ಗುತ್ತದೆ.

ನನ್ನ ಆಯ್ಕೆ ಕೇಳಿದರೆ, ಉಳಿದ ಕಾರಿಗೆಲ್ಲ ಪಾಲಿಮರ್ ಸೀಲೆಂಟ್ ಹಾಕಿ, ಎರಡು ತಿಂಗಳಿಗೊಮ್ಮೆ ಮೇಲೆ ಸ್ಪ್ರೇ ಹೊಡೆಯುತ್ತಿದ್ದೇನೆ. ತಪ್ಪಿದರೆ ಬಟ್ಟೆಯಲ್ಲೇ ಸರಿಯಾಗುತ್ತದೆ, ನನ್ನಂಥ ಕೈಗೆ ಅದೇ ದೊಡ್ಡದು. ಕಾರಿಗೆ ಮುಚ್ಚಿದ ಜಾಗ, ಒಳ್ಳೆ ಬೆಳಕು, ಎರಡು ದಿನ ಬಿಡುವು ಇರುವವರು ಸೆರಾಮಿಕ್‌ಗೆ ಹೋಗಲಿ, ಆದರೆ ಮೊದಲು ಎಲ್ಲಾದರೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ಕೈ ನೋಡಿಕೊಳ್ಳಲಿ. ವ್ಯಾಕ್ಸ್ ಡಬ್ಬಿಯನ್ನು ಎಸೆದಿಲ್ಲ. ಮದುವೆಗೋ ಫೋಟೋಗೋ ಕಾರು ಹೊರಡುವುದಿದ್ದರೆ ಹಿಂದಿನ ಸಂಜೆ ಒಂದು ಕೈ ಸವರುತ್ತೇನೆ. ಒಣ ಬಟ್ಟೆಯ ಚಟ ಬಿಟ್ಟು, ಈಗ ಎರಡು ಬಕೆಟ್ ಇಟ್ಟುಕೊಂಡಿದ್ದೇನೆ, ಒಂದು ಶ್ಯಾಂಪೂಗೆ, ಇನ್ನೊಂದು ತೊಳೆಯುವ ಕೈಗವಸು ಜಾಲಾಡಲು. ಮೊನ್ನೆ ರಾತ್ರಿ ಮತ್ತೆ ಟಾರ್ಚ್ ಹಿಡಿದು ಹೋದೆ. ಬಾನೆಟ್‌ನಲ್ಲಿ ನಾಲ್ಕೈದು ಹೊಸ ಗೀರು ಸಿಕ್ಕವು, ಸೆರಾಮಿಕ್ ಪಾಲಿನಲ್ಲೂ ಎರಡು.